ನೀಲಗಿರಿಯಲ್ಲಿ ಶೂಟಿಂಗ್: ಜೀವಕ್ಕೆ ಅಪಾಯವಾಗದಂತೆ ಮೊದಲೇ ಏನೇನು ಯೋಜಿಸಬೇಕು?



ಉದಕಮಂಡಲ, ಗೂಡಲೂರು, ಮಸಿನಗುಡಿಗೆ ಬೆಂಗಳೂರು, ಮೈಸೂರಿನ ಸಿನಿಮಾ ತಂಡಗಳು ಬರುವುದು ಹೊಸದಲ್ಲ. ಪೈಕಾರ, ಒಂಬತ್ತನೇ ಮೈಲಿಯ ಹುಲ್ಲುಗಾವಲು, ಪೈನ್ ತೋಪು, ಬೆಟ್ಟದ ರೈಲು ಇವನ್ನೆಲ್ಲ ನಾವು ಕಣ್ಣಾರೆ ನೋಡುವ ಮೊದಲೇ ತೆರೆಯ ಮೇಲೆ ನೋಡಿದ್ದೇವೆ. ತಂಡ ಬಂದಾಗ ನಮ್ಮವರಿಗೂ ಕೆಲಸ ಸಿಗುತ್ತದೆ. ಕೆಲವರು ಜೀಪು ಬಿಡುತ್ತಾರೆ, ಕೆಲವರು ಅಡುಗೆ ಮಾಡುತ್ತಾರೆ, ಕೆಲವರು ಮನೆ ಬಾಡಿಗೆಗೆ ಕೊಡುತ್ತಾರೆ, ಇನ್ನು ಕೆಲವರು ಗುಂಪಿನ ದೃಶ್ಯದಲ್ಲಿ ನಿಲ್ಲುತ್ತಾರೆ. ಕನ್ನಡವೂ ತಮಿಳೂ ಬಲ್ಲವರು ಎಂಬ ಕಾರಣಕ್ಕೇ ತಂಡ ಮತ್ತು ಊರಿನ ನಡುವೆ ಮಾತು ಮುಟ್ಟಿಸುವ ಕೆಲಸವೂ ನಮ್ಮ ಪಾಲಿಗೆ ಬರುತ್ತದೆ.

ಆದರೆ ಅವಘಡವಾದಾಗ ಮೊದಲು ಸಿಕ್ಕಿಬೀಳುವವರೂ ದಿನಗೂಲಿಯ ಈ ಜನರೇ. ಕಾಲ್‌ಶೀಟಿನಲ್ಲಿ ಅವರ ಹೆಸರು ಇರುವುದಿಲ್ಲ, ವಿಮೆಯ ಪಟ್ಟಿಯಲ್ಲೂ ಎಷ್ಟೋ ಸಲ ಇರುವುದಿಲ್ಲ. ಆದ್ದರಿಂದ ಹೊರಾಂಗಣ ಚಿತ್ರೀಕರಣಕ್ಕೆ ಆರೋಗ್ಯ ಮತ್ತು ಸುರಕ್ಷತೆಯ ಯೋಜನೆ ಎಂದರೇನು, ನಮ್ಮ ಜಿಲ್ಲೆಯಲ್ಲಿ ಅದರಲ್ಲಿ ಏನೇನು ಇರಬೇಕು ಎಂಬುದನ್ನು ಇಲ್ಲಿ ವಿವರಿಸುತ್ತಿದ್ದೇವೆ. ತಂಡದವರಿಗೆ ಇದು ಎಷ್ಟು ಬೇಕೋ, ಕೆಲಸಕ್ಕೆ ಹೋಗುವ ನಮ್ಮ ಸದಸ್ಯರಿಗೂ ಅಷ್ಟೇ ಬೇಕು.

ಕನ್ನಡ ಚಿತ್ರರಂಗ ಕಲಿತ ಕಹಿ ಪಾಠ

2016ರ ನವೆಂಬರ್ 7ರಂದು ಬೆಂಗಳೂರಿನ ಹೊರವಲಯದ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ 'ಮಾಸ್ತಿಗುಡಿ' ಚಿತ್ರದ ಸಾಹಸ ದೃಶ್ಯ ನಡೆಯುತ್ತಿತ್ತು. ಹೆಲಿಕಾಪ್ಟರಿನಿಂದ ಮೂವರು ನೀರಿಗೆ ಹಾರಿದರು. ನಾಯಕ ನಟ ದುನಿಯಾ ವಿಜಯ್ ಬದುಕಿ ಬಂದರು. ಖಳ ಪಾತ್ರಗಳಲ್ಲಿದ್ದ ಅನಿಲ್ ಮತ್ತು ಉದಯ್ ಮುಳುಗಿ ಸತ್ತರು. ಅವರಿಬ್ಬರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ತಮಗೆ ಈಜು ಅಷ್ಟಾಗಿ ಬಾರದು ಎಂದು ಉದಯ್ ಹಾರುವ ಮೊದಲು ಮಾಧ್ಯಮದವರ ಮುಂದೆಯೇ ಹೇಳಿಕೊಂಡಿದ್ದರು. ರಕ್ಷಣೆಯ ದೋಣಿ ಹೊತ್ತಿಗೆ ಸರಿಯಾಗಿ ಅವರ ಬಳಿ ತಲುಪಲಿಲ್ಲ. ಚಿತ್ರತಂಡದ ಪ್ರಮುಖರ ಮೇಲೆ ಪೊಲೀಸ್ ಮೊಕದ್ದಮೆ ದಾಖಲಾಯಿತು.

ಇದನ್ನು ವಿಧಿ ಎನ್ನುವವರು ಒಂದು ಕಾಗದ ತೆಗೆದುಕೊಂಡು ಐದು ಪ್ರಶ್ನೆ ಬರೆದು ನೋಡಲಿ. ಈ ದೃಶ್ಯಕ್ಕೆ ನಿಜವಾದ ನಟರೇ ಹಾರಬೇಕೇ? ಹಾರುವವರಿಗೆ ಈಜು ಬರುತ್ತದೆಯೇ, ಅದನ್ನು ಪರೀಕ್ಷಿಸಿದವರು ಯಾರು? ಬಟ್ಟೆಯೊಳಗೆ ತೇಲುವ ಜಾಕೆಟ್ ಹಾಕಲು ಬರುತ್ತದೆಯೇ? ಬಿದ್ದ ಜಾಗಕ್ಕೆ ಎಷ್ಟು ಸೆಕೆಂಡಿನಲ್ಲಿ ದೋಣಿ ತಲುಪುತ್ತದೆ, ಎಂಜಿನ್ ಚಾಲೂ ಇದೆಯೇ? ಒಬ್ಬ 'ಬೇಡ' ಎಂದರೆ ದೃಶ್ಯ ನಿಲ್ಲುತ್ತದೆಯೇ? ಇವುಗಳಲ್ಲಿ ಒಂದಕ್ಕೆ ಸರಿಯಾದ ಉತ್ತರ ಮೊದಲೇ ಸಿಕ್ಕಿದ್ದರೂ ಎರಡು ಜೀವ ಉಳಿಯುವ ಸಾಧ್ಯತೆ ಇತ್ತು. ಸುರಕ್ಷತೆಯ ಯೋಜನೆ ಎಂದರೆ ಇಷ್ಟೇ: ಕ್ಯಾಮೆರಾ ಓಡುವ ಮೊದಲೇ ಪ್ರಶ್ನೆ ಕೇಳಿ, ಉತ್ತರವನ್ನು ಬರೆದಿಡುವುದು.

2021ರ ಆಗಸ್ಟ್ 9ರಂದು ಬಿಡದಿ ಬಳಿ 'ಲವ್ ಯೂ ರಚ್ಚು' ಚಿತ್ರದ ಸಾಹಸ ದೃಶ್ಯದ ವೇಳೆ ಕ್ರೇನ್ ಮತ್ತು ಲೋಹದ ಹಗ್ಗದ ಕೆಲಸ ಹೈ ಟೆನ್ಷನ್ ತಂತಿಯ ಹತ್ತಿರ ನಡೆದು, ಸಾಹಸ ಕಲಾವಿದರೊಬ್ಬರು ವಿದ್ಯುತ್ ತಗುಲಿ ಸತ್ತರು. 2020ರ ಫೆಬ್ರುವರಿ 19ರಂದು ಚೆನ್ನೈ ಬಳಿ 'ಇಂಡಿಯನ್ 2' ಸೆಟ್‌ನಲ್ಲಿ ಕ್ರೇನ್ ಉರುಳಿ ಮೂವರು ಹೋದರು. ಇನ್ನೂ ಹಿಂದೆ, 1989ರ ಫೆಬ್ರುವರಿ 8ರಂದು ನಮ್ಮ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನ್ ಧಾರಾವಾಹಿಯ ಸೆಟ್‌ಗೆ ಬೆಂಕಿ ಬಿದ್ದು 60ಕ್ಕೂ ಹೆಚ್ಚು ಜನ ಸತ್ತರು. ನೀರು, ವಿದ್ಯುತ್, ಎತ್ತರ, ಬೆಂಕಿ: ಸೆಟ್‌ನಲ್ಲಿ ಜೀವ ತೆಗೆಯುವುದು ಸುತ್ತಿ ಬಳಸಿ ಈ ನಾಲ್ಕೇ. ನೀಲಗಿರಿಯಲ್ಲಿ ಇವುಗಳ ಜೊತೆಗೆ ಇನ್ನೆರಡು ಸೇರುತ್ತವೆ, ಘಾಟಿ ಮತ್ತು ಕಾಡು.

ಬರೆದಿಡುವುದು ಹೇಗೆ?

ದೊಡ್ಡ ದಾಖಲೆ ಬೇಕಿಲ್ಲ. ಪ್ರತಿ ಲೊಕೇಶನ್‌ಗೆ ಒಂದು ಹಾಳೆ, ಅದರಲ್ಲಿ ನಾಲ್ಕು ಕಾಲಂ ಸಾಕು. ಏನು ಆಗಬಹುದು? ಯಾರಿಗೆ ಆಗಬಹುದು? ಆಗದಂತೆ ಏನು ಮಾಡುತ್ತೇವೆ? ಅದನ್ನು ನೋಡಿಕೊಳ್ಳುವವರು ಯಾರು?

ಮೂರನೇ ಕಾಲಂ ತುಂಬುವಾಗ ಒಂದು ಕ್ರಮವಿದೆ. ಮೊದಲು ಅಪಾಯವನ್ನೇ ತೆಗೆದುಹಾಕಲು ಆಗುತ್ತದೆಯೇ ನೋಡಬೇಕು: ಆಳ ನೀರಿನ ದೃಶ್ಯವನ್ನು ಸೊಂಟದುದ್ದ ನೀರಿನಲ್ಲಿ ತೆಗೆದರೆ ನಡೆಯುತ್ತದೆಯೇ? ಆಗದಿದ್ದರೆ ಬದಲಿ ಹುಡುಕಬೇಕು: ಗೊಂಬೆ, ಗ್ರಾಫಿಕ್ಸ್, ತರಬೇತಾದ ಸಾಹಸ ಕಲಾವಿದರು. ಅದೂ ಆಗದಿದ್ದರೆ ಜನರನ್ನು ದೂರ ಇಡಬೇಕು: ಹಗ್ಗ ಕಟ್ಟುವುದು, ಕಾವಲು ನಿಲ್ಲಿಸುವುದು. ಹೆಲ್ಮೆಟ್, ಜಾಕೆಟ್, ಬೆಲ್ಟ್ ಇವೆಲ್ಲ ಕೊನೆಯ ಆಸರೆ. ನಮ್ಮಲ್ಲಿ ಬಹಳ ಸಲ ಕೊನೆಯದರಿಂದಲೇ ಶುರು ಮಾಡುತ್ತಾರೆ, ಬಿಸಿಲಿಗೆ ಸೆಖೆ ಎಂದು ಅದನ್ನೂ ಬಿಚ್ಚಿಡುತ್ತಾರೆ.

ನಾಲ್ಕನೇ ಕಾಲಂನಲ್ಲಿ 'ಪ್ರೊಡಕ್ಷನ್‌ನವರು' ಎಂದು ಬರೆಯಬಾರದು. ಒಬ್ಬರ ಹೆಸರು ಬೇಕು. ಎಲ್ಲರ ಜವಾಬ್ದಾರಿ ಎಂದರೆ ಯಾರದ್ದೂ ಅಲ್ಲ. ಆ ಒಬ್ಬರಿಗೆ ಟೇಕ್ ನಿಲ್ಲಿಸುವ ಅಧಿಕಾರ ಇರಬೇಕು, ನಿರ್ದೇಶಕರು ಅದನ್ನು ಎಲ್ಲರೆದುರು ಬೆಳಿಗ್ಗೆಯೇ ಹೇಳಬೇಕು.

ಅನುಮತಿ ಎಂದರೆ ಬರೀ ಕಾಗದವಲ್ಲ

ಮಸಿನಗುಡಿ ಮುದುಮಲೈ ಹುಲಿ ಸಂರಕ್ಷಿತ ಪ್ರದೇಶದ ಬಫರ್ ವಲಯದಲ್ಲಿದೆ. ಅರಣ್ಯದೊಳಗೆ ಚಿತ್ರೀಕರಣಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು, ಕಾಡಿನ ಸ್ವರೂಪ ಬದಲಾಗಬಾರದು, ಪ್ರಾಣಿಗಳಿಗೆ ತೊಂದರೆಯಾಗಬಾರದು ಎಂಬುದು ಅದರ ಷರತ್ತು. ಬೆಟ್ಟದ ರೈಲಿನಲ್ಲಿ ತೆಗೆಯಬೇಕಾದರೆ ದಕ್ಷಿಣ ರೈಲ್ವೆಯನ್ನು ಕೇಳಬೇಕು. ಪ್ರಾಣಿ ಬಳಸುವುದಾದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು. ಡ್ರೋನ್‌ಗೆ ಅದರದ್ದೇ ನಿಯಮಗಳಿವೆ.

ಮಕ್ಕಳ ವಿಷಯ ಬೇರೆಯಾಗಿಯೇ ಹೇಳಬೇಕು. ಮಗು ನಟಿಸುವುದಾದರೆ ಜಿಲ್ಲಾಧಿಕಾರಿಗಳ ಅನುಮತಿ ಕಡ್ಡಾಯ. ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸ ಇರಕೂಡದು, ಬಿಡುವಿಲ್ಲದೆ 3 ಗಂಟೆ ಮೀರಕೂಡದು. 'ನಮ್ಮ ಪಾಪು ಸಿನಿಮಾದಲ್ಲಿ ಬರ್ತಾನೆ' ಎಂಬ ಖುಷಿಯಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ದಯವಿಟ್ಟು ಕೇಳಿ.

ಈ ಅನುಮತಿಗಳ ನಿಜವಾದ ಉಪಯೋಗ ಬೇರೆ. ಅರಣ್ಯ ಇಲಾಖೆಗೆ ಆ ವಾರ ಆನೆ ಯಾವ ಕಡೆ ಇದೆ ಎಂಬುದು ಗೊತ್ತು. ವಿದ್ಯುತ್ ಮಂಡಳಿಗೆ ಯಾವ ತಂತಿಯಲ್ಲಿ ಕರೆಂಟ್ ಇದೆ, ಅಣೆಕಟ್ಟಿನಿಂದ ನೀರು ಯಾವಾಗ ಬಿಡುತ್ತಾರೆ ಎಂಬುದು ಗೊತ್ತು. ಕದ್ದು ಮುಚ್ಚಿ ಶೂಟ್ ಮಾಡುವ ತಂಡಕ್ಕೆ ಈ ಮಾಹಿತಿ ಸಿಗುವುದಿಲ್ಲ. ಅನಾಹುತವಾದಾಗ ಸಹಾಯಕ್ಕೆ ಕರೆಯಲೂ ಹಿಂಜರಿಯುತ್ತಾರೆ. ಅನುಮತಿ ಇಲ್ಲದ ತಂಡದ ಕೆಲಸಕ್ಕೆ ನಮ್ಮ ಸದಸ್ಯರು ಹೋಗದಿರುವುದೇ ಒಳ್ಳೆಯದು.

ಘಾಟಿ ಮತ್ತು ರಾತ್ರಿ

ಉದಕಮಂಡಲ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಮಸಿನಗುಡಿ ಅದಕ್ಕಿಂತ 1,200 ಮೀಟರಿಗೂ ಹೆಚ್ಚು ಕೆಳಗೆ. ಇವೆರಡರ ನಡುವಿನ ಕಲ್ಹಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ಜನರೇಟರ್ ವ್ಯಾನ್, ಕ್ರೇನ್ ಹೊತ್ತ ಲಾರಿ ಇಂಥ ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿದರೆ ಬ್ರೇಕ್ ಕಾದು ಹಿಡಿಯುವುದನ್ನೇ ಬಿಡುತ್ತದೆ. ಕೆಳಗಿನ ಗೇರಿನಲ್ಲಿ ನಿಧಾನವಾಗಿ ಇಳಿಯಬೇಕು ಎಂಬುದು ನಮ್ಮ ಚಾಲಕರಿಗೆ ಗೊತ್ತು, ಬಯಲುಸೀಮೆಯಿಂದ ಬಂದವರಿಗೆ ಗೊತ್ತಿರುವುದಿಲ್ಲ. ಹೊರ ಜಿಲ್ಲೆಯ ವಾಹನಗಳಿಗೆ ಈ ಇಳಿಜಾರಿನಲ್ಲಿ ನಿರ್ಬಂಧ ಹಾಕಿರುವುದು ಇದೇ ಕಾರಣಕ್ಕೆ. ಭಾರದ ಗಾಡಿಗಳನ್ನು ಗೂಡಲೂರು ಮಾರ್ಗದಲ್ಲೇ ತರಿಸಿ.

ಬಂಡೀಪುರ ಮತ್ತು ಮುದುಮಲೈ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ತುರ್ತು ವಾಹನಕ್ಕೆ ಬಿಡುತ್ತಾರೆ, ಆದರೆ ಗಾಯಾಳುವನ್ನು ಕಾರಿನಲ್ಲಿ ಮಲಗಿಸಿಕೊಂಡು ಚೆಕ್‌ಪೋಸ್ಟ್‌ನಲ್ಲಿ ವಿವರಿಸುತ್ತ ನಿಂತರೆ ಹೊತ್ತು ಹೋಗುತ್ತದೆ. ಆದ್ದರಿಂದ ಮಸಿನಗುಡಿಯಲ್ಲಿ ಸಂಜೆ ಮೇಲೆ ಕೆಲಸವಿದ್ದರೆ ಆಂಬುಲೆನ್ಸ್ ಸ್ಥಳದಲ್ಲೇ ನಿಂತಿರಬೇಕು. ಯಾವ ಆಸ್ಪತ್ರೆ, ಯಾವ ದಾರಿ, ಎಷ್ಟು ನಿಮಿಷ ಎಂಬುದನ್ನು ಹಗಲಿನಲ್ಲೇ ಒಮ್ಮೆ ಓಡಿಸಿ ನೋಡಿರಬೇಕು. ಹತ್ತಿರದಲ್ಲಿ ಗೂಡಲೂರಿನ ಸರ್ಕಾರಿ ಆಸ್ಪತ್ರೆ ಇದೆ, ಮೇಲೆ ಉದಕಮಂಡಲದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ತಲೆಗೆ ಪೆಟ್ಟು ಬಿದ್ದರೆ, ಸುಟ್ಟ ಗಾಯ ಹೆಚ್ಚಾದರೆ ಮೈಸೂರಿಗೋ ಕೊಯಮತ್ತೂರಿಗೋ ಎಂಬ ತೀರ್ಮಾನವನ್ನು ಆ ಗಳಿಗೆಯಲ್ಲಿ ಮಾಡಬಾರದು, ಹಾಳೆಯ ಮೇಲೆ ಮೊದಲೇ ಇರಬೇಕು. 108 ಎರಡೂ ರಾಜ್ಯಗಳಲ್ಲಿ ನಡೆಯುತ್ತದೆ. ಆದರೆ ಗಡಿಯ ಹತ್ತಿರ ಮೊಬೈಲ್ ಯಾವ ರಾಜ್ಯದ ಟವರ್ ಹಿಡಿಯುತ್ತದೋ ಹೇಳಲಾಗದು. ಹಾಗಾಗಿ ಕರೆ ಮಾಡಿದವರು ಮೊದಲು ಜಿಲ್ಲೆ ಮತ್ತು ಊರಿನ ಹೆಸರು ಹೇಳಬೇಕು. ಕಾಡಿನೊಳಗೆ ಎಷ್ಟೋ ಕಡೆ ಸಿಗ್ನಲ್ ಇಲ್ಲ. ಸಿಗ್ನಲ್ ಸಿಗುವ ಜಾಗ ಎಲ್ಲಿದೆ ಎಂದು ಗುರುತು ಮಾಡಿ, ಅಲ್ಲಿ ಒಬ್ಬರನ್ನು ನಿಲ್ಲಿಸಿ.

ರಸ್ತೆಯ ಇನ್ನೊಂದು ಶತ್ರು ನಿದ್ದೆ. 1990ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಚಿತ್ರೀಕರಣಕ್ಕೆ ಹೊರಟಿದ್ದ ಶಂಕರ್ ನಾಗ್ ಅವರನ್ನು ದಾವಣಗೆರೆ ಬಳಿಯ ಆನಗೋಡಿನಲ್ಲಿ ಕಳೆದುಕೊಂಡ ನೋವು ಕನ್ನಡಿಗರಿಗೆ ಇನ್ನೂ ಆರಿಲ್ಲ. ಸೆಟ್‌ಗೆ ಹೋಗುವ, ಸೆಟ್‌ನಿಂದ ಬರುವ ದಾರಿಯೂ ಕೆಲಸದ ಭಾಗವೇ. ಹಗಲೆಲ್ಲ ಗಾಡಿ ಓಡಿಸಿದ ಚಾಲಕನನ್ನು ರಾತ್ರಿ ಪ್ಯಾಕಪ್ ಆದ ಮೇಲೆ 'ಒಂದೇ ಟ್ರಿಪ್ಪು ಅಣ್ಣಾ' ಎಂದು ಘಾಟಿಗೆ ಕಳಿಸಬಾರದು. ಚಾಲಕರಾದ ನಮ್ಮ ಸದಸ್ಯರೂ ಒಲ್ಲೆ ಎನ್ನುವುದನ್ನು ಕಲಿಯಬೇಕು.

2024ರ ಮೇ 7ರಿಂದ ನೀಲಗಿರಿಗೆ ಬರುವ ಹೊರಗಿನ ವಾಹನಗಳಿಗೆ ಇ-ಪಾಸ್ ಬೇಕು. ಕೊನೆಯ ಗಳಿಗೆಯಲ್ಲಿ ಕರೆಸುವ ಹೆಚ್ಚುವರಿ ಗಾಡಿ ಚೆಕ್‌ಪೋಸ್ಟ್‌ನಲ್ಲೇ ನಿಲ್ಲಬಹುದು, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಮಳೆ, ಚಳಿ, ನೀರು

ನಮ್ಮ ಜಿಲ್ಲೆಗೆ ಎರಡು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್ ಒಂದು, ಅಕ್ಟೋಬರ್‌ನಿಂದ ಡಿಸೆಂಬರ್ ಇನ್ನೊಂದು. 2009ರ ನವೆಂಬರ್‌ನಲ್ಲಿ ಗುಡ್ಡ ಕುಸಿದು 40ಕ್ಕೂ ಹೆಚ್ಚು ಜನ ಸತ್ತರು. 2019ರ ಆಗಸ್ಟ್‌ನಲ್ಲಿ ಅವಲಾಂಚಿಯಲ್ಲಿ ಒಂದೇ ದಿನ 800 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ಹವಾಮಾನ ಇಲಾಖೆ ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಕೊಟ್ಟ ದಿನ ಹೊರಾಂಗಣ ಕೆಲಸ ಇಲ್ಲ ಎಂದು ಒಪ್ಪಂದದಲ್ಲೇ ಬರೆದಿರಬೇಕು. ಬರೆದಿಲ್ಲದಿದ್ದರೆ ಅಂದಿನ ಖರ್ಚು ನೆನೆದು ಎಲ್ಲರೂ 'ನೋಡೋಣ, ನಿಲ್ಲಬಹುದು' ಎನ್ನುತ್ತಾರೆ. ಗುಡುಗು ಕೇಳಿದ ಕೂಡಲೇ ಹುಲ್ಲುಗಾವಲು ಬಿಟ್ಟು ಎಲ್ಲರೂ ವಾಹನದೊಳಗೆ ಬರಬೇಕು. ಬಯಲಿನಲ್ಲಿ ಎತ್ತಿ ನಿಲ್ಲಿಸಿದ ಕ್ರೇನ್ ಮತ್ತು ಲೈಟ್ ಸ್ಟ್ಯಾಂಡ್ ಸಿಡಿಲಿಗೆ ಆಹ್ವಾನ ಕೊಟ್ಟ ಹಾಗೆ.

ಡಿಸೆಂಬರ್, ಜನವರಿಯಲ್ಲಿ ಉದಕಮಂಡಲದಲ್ಲಿ ಇಬ್ಬನಿ ಹೆಪ್ಪುಗಟ್ಟುತ್ತದೆ. ಕೃತಕ ಮಳೆಯಲ್ಲಿ ತೆಳು ಸೀರೆಯುಟ್ಟು ಕುಣಿಯುವ ಹೆಣ್ಣುಮಕ್ಕಳ ಬಗ್ಗೆ ಯೋಚಿಸಿ. ನಾಯಕಿಗೆ ಶಾಲು, ಹೀಟರ್ ಸಿಗುತ್ತದೆ, ಹಿಂದಿನ ಸಾಲಿನವರಿಗೆ ಸಿಗುವುದಿಲ್ಲ. ಪ್ರತಿ ಟೇಕ್ ನಡುವೆ ಒಣಬಟ್ಟೆ, ಬಿಸಿ ಪಾನೀಯ, ಗಾಳಿ ತಾಕದ ಜಾಗ ಎಲ್ಲರಿಗೂ ಬೇಕು. ಮೈ ನಡುಗುವುದು ನಿಂತು ಮಾತು ತೊದಲತೊಡಗಿದರೆ ಅದು ಸುಧಾರಣೆಯಲ್ಲ, ಅಪಾಯದ ಗುರುತು, ಆಸ್ಪತ್ರೆಗೆ ಹೋಗಬೇಕು. ಚಳಿಗೆಂದು ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಇಟ್ಟು ಮಲಗಬಾರದು. ಅದರಿಂದ ಬರುವ ವಿಷಗಾಳಿಗೆ ವಾಸನೆ ಇರುವುದಿಲ್ಲ, ಮಲಗಿದವರು ಏಳುವುದಿಲ್ಲ. ಜನರೇಟರನ್ನು ಟೆಂಟಿನ ಪಕ್ಕ, ಕಿಟಕಿಯ ಕೆಳಗೆ ಇಡಬಾರದೆನ್ನುವುದೂ ಇದಕ್ಕೇ.

ಪೈಕಾರ, ಮೋಯಾರ್ ನೀರಿನಲ್ಲಿ ಇಳಿಯುವ ದೃಶ್ಯವಿದ್ದರೆ ತಿಪ್ಪಗೊಂಡನಹಳ್ಳಿಯ ಐದು ಪ್ರಶ್ನೆಗಳ ಜೊತೆ ಆರನೆಯದೊಂದು ಸೇರಿಸಿ: ಮೇಲಿನ ವಿದ್ಯುತ್ ಯೋಜನೆಯಿಂದ ಇವತ್ತು ನೀರು ಬಿಡುತ್ತಾರೆಯೇ? ಒಣಗಿದಂತೆ ಕಾಣುವ ಹೊಳೆ ಕ್ಷಣದಲ್ಲಿ ಏರಬಹುದು. ತಣ್ಣೀರಿಗೆ ಬಿದ್ದವರಿಗೆ ಉಸಿರು ಕಟ್ಟುತ್ತದೆ, ಈಜು ಬಲ್ಲವರೂ ಮುಳುಗುವುದು ಹೀಗೆಯೇ.

ಕುಡಿಯುವ ನೀರಿನ ಯೋಜನೆಯೂ ಬೇಕು. ಜಿಲ್ಲೆಯಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿಗೆ ನಿಷೇಧ ಇದೆ. ತಂಡ ಬಾಟಲಿಯನ್ನೇ ನಂಬಿ ಬಂದರೆ ಮಧ್ಯಾಹ್ನದ ಹೊತ್ತಿಗೆ ಯಾರೋ ತೊರೆಯ ನೀರು ಕುಡಿಯುತ್ತಾರೆ, ಮರುದಿನ ಅರ್ಧ ಯೂನಿಟ್‌ಗೆ ಭೇದಿ. ಕುದಿಸಿ ಆರಿಸಿದ ನೀರು ತುಂಬಿದ ಸ್ಟೀಲ್ ಕ್ಯಾನ್ ಮತ್ತು ಲೋಟ ಇದ್ದರೆ ಸಾಕು. ಹೆಣ್ಣುಮಕ್ಕಳಿಗೆ ಶೌಚಾಲಯ ಇಲ್ಲದ ಲೊಕೇಶನ್‌ಗೆ ಹಾಳೆಯಲ್ಲಿ 'ಸರಿ' ಎಂಬ ಗುರುತು ಹಾಕಲೇಬಾರದು. ಬೆಳಗಿನಿಂದ ನೀರು ಕುಡಿಯದೆ ಕೂರುವುದು, ಕಾಡಂಚಿಗೆ ಒಬ್ಬರೇ ಹೋಗುವುದು ಎರಡೂ ಅಪಾಯ.

ಕಾಡಿನ ಮರ್ಯಾದೆ

ಮಸಿನಗುಡಿ, ಸಿಗೂರು ಆನೆಗಳು ಓಡಾಡುವ ದಾರಿ. ಬೆಳಗಿನ ಜಾವ ಮತ್ತು ಮುಸ್ಸಂಜೆ, ಅಂದರೆ ಕ್ಯಾಮೆರಾದವರು ಒಳ್ಳೆಯ ಬೆಳಕು ಎಂದು ಕಾಯುವ ಹೊತ್ತೇ, ಅವುಗಳು ಓಡಾಡುವ ಹೊತ್ತೂ ಹೌದು. ಅರಣ್ಯ ಸಿಬ್ಬಂದಿ ಇಲ್ಲದೆ ಆ ಹೊತ್ತಿನಲ್ಲಿ ಕೆಲಸ ಬೇಡ. ಅನ್ನ, ಹಣ್ಣಿನ ಸಿಪ್ಪೆ, ಬೆಲ್ಲ, ಉಪ್ಪು ಲೊಕೇಶನ್‌ನಲ್ಲಿ ಬಿಡಬೇಡಿ. ಆನೆ ಕಂಡರೆ ಫೋನು ಎತ್ತದೆ, ಕಿರುಚದೆ, ಸದ್ದಿಲ್ಲದೆ ವಾಹನ ಹತ್ತಬೇಕು. ವಾಹನಗಳನ್ನು ಹೊರಡುವ ದಿಕ್ಕಿಗೆ ಮುಖ ಮಾಡಿಯೇ ನಿಲ್ಲಿಸಿರಬೇಕು.

ಹೆಜ್ಜೇನನ್ನು ತಂಡದವರು ಸಾಮಾನ್ಯವಾಗಿ ಮರೆಯುತ್ತಾರೆ. ಬಂಡೆಯಲ್ಲಿ, ದೊಡ್ಡ ಮರದಲ್ಲಿ ತೊಟ್ಟಿ ಕಟ್ಟಿದ್ದರೆ ಹೊಗೆ ಯಂತ್ರ, ಡ್ರೋನ್, ಪಟಾಕಿ ಎಲ್ಲವೂ ಅವನ್ನು ಎಬ್ಬಿಸುತ್ತವೆ. ಲೊಕೇಶನ್ ನೋಡಲು ಹೋದ ದಿನವೇ ತಲೆ ಎತ್ತಿ ನೋಡಬೇಕು, ಊರಿನ ಕುರುಂಬ, ಇರುಳ ಹಿರಿಯರನ್ನು ಕೇಳಬೇಕು. ಎದ್ದರೆ ಮುಖ ಮುಚ್ಚಿಕೊಂಡು ಓಡಿ ವಾಹನದೊಳಗೆ ಸೇರಬೇಕು. ಮೈಯೆಲ್ಲ ದದ್ದು ಎದ್ದು ಉಸಿರಾಟ ಕಷ್ಟವಾದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಅಂಗ ಅಲುಗಾಡದಂತೆ ಇರಿಸಿ, ಗಾಯಾಳುವನ್ನು ನಡೆಸದೆ, ಪ್ರತಿವಿಷ ಇರುವ ಆಸ್ಪತ್ರೆಗೆ ಒಯ್ಯಬೇಕು. ಅದು ಎಲ್ಲಿದೆ ಎಂಬುದು ಮೊದಲೇ ಗೊತ್ತಿರಬೇಕು.

ಉಣ್ಣೆ ಮತ್ತು ಸಣ್ಣ ಹುಳುಗಳಿಂದ ಹರಡುವ ಜ್ವರಗಳೂ ಇವೆ. ಮಲೆನಾಡಿನವರಿಗೆ ಗೊತ್ತಿರುವ ಮಂಗನ ಕಾಯಿಲೆಯ ಸುಳಿವು 2012ರ ಹೊತ್ತಿಗೆ ಬಂಡೀಪುರ, ಮುದುಮಲೈ ಭಾಗದಲ್ಲೂ ಸಿಕ್ಕಿತು. ಸ್ಕ್ರಬ್ ಟೈಫಸ್ ಜ್ವರವೂ ಈ ಕಡೆ ಇದೆ. ಉದ್ದ ತೋಳಿನ ಅಂಗಿ, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ ಕಟ್ಟುವುದು, ಸಂಜೆ ಮೈ ನೋಡಿಕೊಂಡು ಬಿಸಿನೀರು ಸ್ನಾನ ಮಾಡುವುದು ಇಷ್ಟು ಮಾಡಿ. ಸತ್ತ ಮಂಗ ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿ. ಶೂಟಿಂಗ್ ಮುಗಿಸಿ ಊರಿಗೆ ಹೋದ ಎರಡು ಮೂರು ವಾರದಲ್ಲಿ ಜ್ವರ ಬಂದರೆ 'ನೀಲಗಿರಿ ಕಾಡಿನಲ್ಲಿದ್ದೆ' ಎಂದು ವೈದ್ಯರಿಗೆ ಹೇಳಲೇಬೇಕು. ಹೇಳದಿದ್ದರೆ ಬೆಂಗಳೂರಿನ ವೈದ್ಯರು ಡೆಂಗಿ ಎಂದುಕೊಂಡು ದಿನ ಕಳೆಯಬಹುದು.

ಭಾಷೆಯೂ ಸುರಕ್ಷತೆಯೇ

ಇದು ನಮ್ಮಂಥವರು ಮಾತ್ರ ಮಾಡಬಹುದಾದ ಕೆಲಸ. ಲೈಟ್‌ಮನ್ ಚೆನ್ನೈಯವರು, ನಿರ್ದೇಶಕರು ಬೆಂಗಳೂರಿನವರು, ಜೀಪಿನವರು ಬಡಗರು, ಅಡುಗೆಯವರು ಗೂಡಲೂರಿನ ಮಲಯಾಳಿಗಳು. 'ಆನೆ' ಎಂದರೆ ಎಲ್ಲರಿಗೂ ತಿಳಿಯುತ್ತದೆ, ತಮಿಳಿನ ಯಾನೈ, ಮಲಯಾಳದ ಆನ ಎಲ್ಲ ಹತ್ತಿರವೇ. ಆದರೆ ಯಾರೋ 'ಪಾಂಬು' ಎಂದು ಕೂಗಿದರೆ ಮಂಡ್ಯದ ಹುಡುಗ ಏನದು ಎಂದು ನೋಡುತ್ತ ಅಲ್ಲೇ ನಿಲ್ಲುತ್ತಾನೆ. ನಾವು 'ಹಾವು' ಎಂದರೆ ಚೆನ್ನೈಯವರ ಪಾಡೂ ಅದೇ.

ಬೆಳಿಗ್ಗೆ ಮೊದಲ ಶಾಟ್‌ಗೆ ಮುಂಚೆ ಹತ್ತು ನಿಮಿಷ ಎಲ್ಲರನ್ನೂ ಸೇರಿಸಿ, ಆ ದಿನದ ಅಪಾಯಗಳೇನು, ಓಡುವ ದಾರಿ ಯಾವುದು, ಪ್ರಥಮ ಚಿಕಿತ್ಸೆಯವರು ಯಾರು ಎಂಬುದನ್ನು ಕನ್ನಡದಲ್ಲೂ ತಮಿಳಿನಲ್ಲೂ ಹೇಳಬೇಕು. ನಿಲ್ಲಿಸಲು ಒಂದೇ ಪದ ಇರಲಿ. 'ಕಟ್' ಎಂಬುದು ದಿನಕ್ಕೆ ನೂರು ಸಲ ಕೇಳುವ ಮಾತು, ಅದು ಎಚ್ಚರಿಸುವುದಿಲ್ಲ. ಸೀಟಿಯನ್ನು ಮೂರು ಸಲ ಊದಿದರೆ ಎಲ್ಲರೂ ಇದ್ದಲ್ಲೇ ನಿಲ್ಲಬೇಕು ಎಂದು ಗೊತ್ತುಮಾಡಿಕೊಂಡರೆ ಭಾಷೆಯ ತೊಡಕೇ ಇಲ್ಲ.

ಕೆಲಸಕ್ಕೆ ಹೋಗುವ ಮೊದಲು ನೀವು ಕೇಳಬೇಕಾದ್ದು

ಸಿನಿಮಾ ತಯಾರಿಕೆಯಲ್ಲಿ ದುಡಿಯುವವರು 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಪಟ್ಟಿಯಲ್ಲೇ ಇದ್ದರು. 1981ರ ಸಿನಿ ಕಾರ್ಮಿಕರ ಕಾಯ್ದೆ ಲಿಖಿತ ಒಪ್ಪಂದ ಕೇಳುತ್ತಿತ್ತು. ಈ ವಿಷಯಗಳೆಲ್ಲ ಈಗ 2020ರ ಕಾರ್ಮಿಕ ಸಂಹಿತೆಗಳಲ್ಲಿ ಸೇರಿವೆ. ಎಂದರೆ ಪರಿಹಾರ ಕೇಳುವುದು ಭಿಕ್ಷೆಯಲ್ಲ, ಹಕ್ಕು. ಆದರೆ ಆ ದಿನ ನೀವು ಅಲ್ಲಿ ಕೆಲಸದಲ್ಲಿದ್ದಿರಿ ಎಂಬುದಕ್ಕೆ ಗುರುತೇ ಇಲ್ಲದಿದ್ದರೆ ಹಕ್ಕನ್ನು ಸಾಧಿಸುವುದು ಕಷ್ಟ. ಆದ್ದರಿಂದ ಇಷ್ಟನ್ನು ಮರೆಯಬೇಡಿ:

1. ಚಿತ್ರದ ಹೆಸರು, ನಿರ್ಮಾಣ ಸಂಸ್ಥೆ, ದಿನಾಂಕ, ಕೂಲಿ ಇವಿಷ್ಟು ಬರೆದ ಚೀಟಿ ಅಥವಾ ವಾಟ್ಸಾಪ್ ಸಂದೇಶ ಪಡೆಯಿರಿ.
2. ಹಾಜರಿ ಪುಸ್ತಕದಲ್ಲಿ ನಿಮ್ಮ ಹೆಸರು ಇದೆಯೇ ನೋಡಿ.
3. ವಿಮೆಯಲ್ಲಿ ಊರಿನ ದಿನಗೂಲಿಯವರೂ ಸೇರಿದ್ದಾರೆಯೇ ಎಂದು ನೇರವಾಗಿ ಕೇಳಿ.
4. ಆಂಬುಲೆನ್ಸ್ ಎಲ್ಲಿದೆ, ಪ್ರಥಮ ಚಿಕಿತ್ಸೆಯವರು ಯಾರು ಎಂದು ಕೇಳಿ.
5. ಈಜು ಬಾರದಿದ್ದರೆ, ಎತ್ತರಕ್ಕೆ ತಲೆ ಸುತ್ತುವುದಾದರೆ, ಬಿಪಿ, ಸಕ್ಕರೆ, ಮೂರ್ಛೆ ಇದ್ದರೆ ಮುಚ್ಚಿಡಬೇಡಿ.
6. ಮನೆಯವರಿಗೆ ಲೊಕೇಶನ್ ಹೆಸರು ಮತ್ತು ಮ್ಯಾನೇಜರ್ ಫೋನ್ ನಂಬರ್ ಕೊಟ್ಟು ಹೊರಡಿ.

ಹೀಗೆಲ್ಲ ಕೇಳಿದರೆ ಮುಂದಿನ ಸಲ ಕರೆಯುವುದಿಲ್ಲವೇನೋ ಎಂಬ ಅಳುಕು ಸಹಜ. ಒಬ್ಬರೇ ಕೇಳಿದರೆ ಹಾಗೆ ಆಗಬಹುದು. ಗೂಡಲೂರಿನವರೂ ಮಸಿನಗುಡಿಯವರೂ ಉದಕಮಂಡಲದವರೂ ಇದೇ ಆರು ಪ್ರಶ್ನೆ ಕೇಳಿದರೆ ಅದೇ ಈ ಊರಿನ ಪದ್ಧತಿ ಎಂದಾಗುತ್ತದೆ, ಬರುವ ತಂಡಗಳು ಉತ್ತರ ಸಿದ್ಧಮಾಡಿಕೊಂಡೇ ಬರುತ್ತವೆ. ಒಳ್ಳೆಯ ಪ್ರೊಡಕ್ಷನ್ ಮ್ಯಾನೇಜರ್‌ಗಳಿಗೂ ಇದು ಅನುಕೂಲವೇ, ಅವಘಡವಿಲ್ಲದ ಶೆಡ್ಯೂಲ್‌ಗಿಂತ ಅಗ್ಗದ ಶೆಡ್ಯೂಲ್ ಇನ್ನೊಂದಿಲ್ಲ.

ಈ ಲೇಖನವನ್ನು ನಿಮ್ಮ ಊರಿನ ಚಾಲಕರು, ಅಡುಗೆಯವರು, ಸಹಕಲಾವಿದರ ವಾಟ್ಸಾಪ್ ಗುಂಪಿಗೆ ಕಳುಹಿಸಿ. ಕನ್ನಡ ಓದಲು ಬಾರದವರಿದ್ದರೆ ಕೊನೆಯ ಆರು ಅಂಶಗಳನ್ನಾದರೂ ತಮಿಳಿನಲ್ಲಿ, ಬಡಗ ಮಾತಿನಲ್ಲಿ ಓದಿ ಹೇಳಿ. ಮುಂದಿನ ತಿಂಗಳ ಸಭೆಗೆ ಬರುವಾಗ ನಿಮ್ಮ ಊರಿನ ಲೊಕೇಶನ್‌ಗಳಲ್ಲಿ ಸಿಗ್ನಲ್ ಎಲ್ಲಿ ಸಿಗುತ್ತದೆ, ಹತ್ತಿರದ ಆಸ್ಪತ್ರೆಗೆ ಎಷ್ಟು ನಿಮಿಷದ ದಾರಿ ಎಂಬುದನ್ನು ಬರೆದು ತನ್ನಿ. ಎಲ್ಲರದನ್ನೂ ಸೇರಿಸಿ ಒಂದು ಪಟ್ಟಿ ಮಾಡಿ ಇಲ್ಲಿಯೇ ಪ್ರಕಟಿಸುತ್ತೇವೆ.